ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದಕ್ಕೆ ಟಿಕೆಟ್ ತೆಗೆಯಬೇಕು: ಹಠಮಾರಿ ಪೇಸ್ಟ್ರಿಗಳ ಹೋಲಿಕೆ

ಒಂದೇ ವರ್ಷದಲ್ಲಿ ಎರಡು ತಪ್ಪು ಲೆಕ್ಕ ಹಾಕಿದೆ. ಪೋರ್ಚುಗಲ್‌ನ ಪಾಸ್ತೆಲ್ ದ ನಾತಾ ಎಂಬ ಪುಟ್ಟ ಕಸ್ಟರ್ಡ್ ಟಾರ್ಟನ್ನು ಮನೆಯ ಓವನ್‌ನಲ್ಲೇ ಸಾಧಿಸುತ್ತೇನೆಂದು ಹಠ ಹಿಡಿದು ಒಂಬತ್ತು ಭಾನುವಾರಗಳನ್ನು ಸುಟ್ಟೆ. ಟಾರ್ಟಿನ ಮೇಲ್ಮೈ ಮಾತ್ರ ಒಮ್ಮೆಯೂ ಸರಿಯಾಗಿ ಸುಡಲಿಲ್ಲ. ಅದೇ ವರ್ಷ ವಿಯೆನ್ನಾಕ್ಕೆ ಹೋಗಿ, ಸರದಿಯಲ್ಲಿ ನಿಂತು, ತೆಳು ಕಣಕದಲ್ಲಿ ಸೇಬು ಸುತ್ತಿ ಬೇಯಿಸುವ ಸ್ಟ್ರೂಡೆಲ್ ತಿಂದೆ. ಊಟದ ಮೇಜು ಮತ್ತು ಹಳೆಯ ಹತ್ತಿ ಬಟ್ಟೆ ಇರುವ ಯಾರ ಮನೆಯಲ್ಲೂ ಇದು ಆಗುವಂಥದ್ದಲ್ಲವೇ ಎಂದು ಅಲ್ಲೇ ಪೆಚ್ಚಾದೆ. ಮನೆಯಲ್ಲಿ ಮಾಡಬೇಕಾದ್ದಕ್ಕೆ ವಿಮಾನ ಹತ್ತಿದ್ದೆ, ವಿಮಾನ ಹತ್ತಬೇಕಾದ್ದಕ್ಕೆ ಮನೆಯಲ್ಲಿ ಕೂತಿದ್ದೆ.

ಅಂದಿನಿಂದ ಹೊಸ ಪೇಸ್ಟ್ರಿಯೊಂದರ ಆಸೆ ಹುಟ್ಟಿದಾಗಲೆಲ್ಲ ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದರ ಕಷ್ಟ ಇರುವುದು ಎಲ್ಲಿ? ಕೈಯಲ್ಲಿದ್ದರೆ ಮನೆಯೇ ಸರಿ, ಏಕೆಂದರೆ ಕೈ ಕಲಿಯುತ್ತದೆ. ಬೆಂಕಿಯಲ್ಲಿದ್ದರೆ ಪ್ರಯಾಣವೇ ಸರಿ, ಏಕೆಂದರೆ ಓವನ್ ಎಷ್ಟು ವರ್ಷವಾದರೂ ಏನನ್ನೂ ಕಲಿಯುವುದಿಲ್ಲ. ಸಾಮಗ್ರಿಯಲ್ಲಿದ್ದರೆ ಆ ಸಾಮಗ್ರಿ ಬೆಳೆಯುವ ಊರಿಗೆ ಹೋಗಬೇಕು. ಇನ್ನು ಕೆಲವದರ ಕಷ್ಟ ಗಡಿಯಾರದಲ್ಲಿರುತ್ತದೆ. ಓವನ್‌ನಿಂದ ಹೊರಬಂದ ನಾಲ್ಕಾರು ಗಂಟೆಗಳಲ್ಲಿ ಅವುಗಳ ಜೀವ ಹೋಗಿಬಿಡುತ್ತದೆ. ಅಂಥವುಗಳ ವಿಚಾರದಲ್ಲಿ ಮಾತ್ರ ತೀರ್ಮಾನ ಸುಲಭವಲ್ಲ.

ಕ್ರೋಸಾಂ: ಮೊದಲು ಮನೆ, ಆಮೇಲೆ ಪ್ಯಾರಿಸ್

ಎಲ್ಲರೂ ಹೆದರುವುದು ಅರ್ಧಚಂದ್ರಾಕಾರದ, ಪದರ ಪದರದ ಈ ಬೆಣ್ಣೆ ಪೇಸ್ಟ್ರಿಗೆ. ನಿಜಕ್ಕೂ ಹೆದರಬೇಕಾದದ್ದು ಇದಕ್ಕಲ್ಲ. ಯೀಸ್ಟ್ ಹಾಕಿ ನಾದಿದ ಕಣಕದೊಳಗೆ ಬೆಣ್ಣೆಯ ಹಲಗೆಯೊಂದನ್ನು ಲಕೋಟೆಯಲ್ಲಿ ಕಾಗದ ಇಟ್ಟಂತೆ ಇಟ್ಟು ಮುಚ್ಚಿ, ಉದ್ದಕ್ಕೆ ಲಟ್ಟಿಸಿ, ಮೂರಾಗಿ ಮಡಿಸಿ, ಫ್ರಿಜ್‌ನಲ್ಲಿ ವಿಶ್ರಾಂತಿ ಕೊಟ್ಟು ಮತ್ತೆ ಲಟ್ಟಿಸುವುದು. ಹೀಗೆ ಮೂರು ಸಲ ಮಡಿಸಿದರೆ ಬೆಣ್ಣೆಯ ಪದರಗಳು 27 ಆಗುತ್ತವೆ. 500 ಗ್ರಾಂ ಮೈದಾಕ್ಕೆ 250ರಿಂದ 280 ಗ್ರಾಂ ಬೆಣ್ಣೆ ಬೇಕು. ಬೆಣ್ಣೆಯಲ್ಲಿ ಕೊಬ್ಬು ಶೇ. 82ಕ್ಕಿಂತ ಕಡಿಮೆಯಿರದಂತೆ ನೋಡಿಕೊಳ್ಳಿ. ನೀರು ಹೆಚ್ಚಿರುವ ಬೆಣ್ಣೆ ಲಟ್ಟಣಿಗೆಯ ಕೆಳಗೆ ಒಡೆದು ಚೂರಾಗುತ್ತದೆ.

ಉಳಿದದ್ದೆಲ್ಲ ಥರ್ಮಾಮೀಟರಿನ ಕೆಲಸ. ಬೆಣ್ಣೆಯೂ ಕಣಕವೂ ಒಂದೇ ಗಟ್ಟಿತನದಲ್ಲಿರಬೇಕು. 13ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಬೆಣ್ಣೆಯ ಹಲಗೆಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದರೆ ಚರ್ಮದ ಬೆಲ್ಟಿನಂತೆ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಅದಕ್ಕಿಂತ ತಣ್ಣಗಿದ್ದರೆ ಕಣಕದೊಳಗೆ ದ್ವೀಪಗಳಾಗಿ ಒಡೆಯುತ್ತದೆ. ಬೆಚ್ಚಗಿದ್ದರೆ ಕಣಕವೇ ಅದನ್ನು ಕುಡಿದುಬಿಡುತ್ತದೆ. ಆಕಾರ ಕೊಟ್ಟ ಮೇಲೆ ಉಬ್ಬಲು ಇಡುವ ಜಾಗ 27 ಡಿಗ್ರಿ ದಾಟಬಾರದು.

ಈ ಕೊನೆಯ ಅಂಕಿಯನ್ನು ನಾನು ಕಲಿತದ್ದು ನಾಲ್ಕನೆಯ ಪ್ರಯತ್ನದಲ್ಲಿ. ಮೂರು ದಿನದ ಕೆಲಸ ಮುಗಿದಿತ್ತು. ಹನ್ನೆರಡು ಕ್ರೋಸಾಂಗಳು ಸಾಲಾಗಿ ಕೂತಿದ್ದವು. ಬೇಗ ಉಬ್ಬಲಿ ಎಂದು ಆರಿಸಿದ ಓವನ್‌ನೊಳಗೆ ಕುದಿನೀರಿನ ಬೋಗುಣಿಯ ಜೊತೆ ಇಟ್ಟೆ. ತೆಗೆದಾಗ ಅವುಗಳ ಮೈ ಬೆವರಿದಂತೆ ಹೊಳೆಯುತ್ತಿತ್ತು. ಅದು ಕರಗಿದ ಬೆಣ್ಣೆ ಎಂದು ಹೊಳೆಯಲಿಲ್ಲ, ಚಂದ ಕಾಣುತ್ತಿದೆ ಎಂದುಕೊಂಡೆ. ಬೇಯಲು ಹಾಕಿದ ಐದೇ ನಿಮಿಷದಲ್ಲಿ ತಟ್ಟೆಯಲ್ಲಿ ಹಳದಿ ಕೆರೆ ಕಟ್ಟಿತು. ಕ್ರೋಸಾಂಗಳು ತಮ್ಮ ಬೆಣ್ಣೆಯಲ್ಲಿ ತಾವೇ ಕರಿದುಕೊಂಡವು. ಅಡಿ ಕಡುಕಂದು, ಒಳಗೆ ಪದರದ ಸುಳಿವೇ ಇಲ್ಲದ ಬನ್ನು. ಮನೆಯವರು ಮಾತ್ರ ಒಂದನ್ನೂ ಉಳಿಸದೆ ತಿಂದರು. ಇದೇ ಈ ಕಸುಬಿನ ತೊಂದರೆ: ಇಷ್ಟು ಬೆಣ್ಣೆ ಬಿದ್ದ ಸೋಲು ರುಚಿಯಾಗಿಯೇ ಇರುತ್ತದೆ, ಹಾಗಾಗಿ ಎಲ್ಲಿ ತಪ್ಪಿತು ಎಂದು ಯಾರೂ ಹೇಳುವುದಿಲ್ಲ.

ಆದರೂ ಏಳೆಂಟು ಪ್ರಯತ್ನಗಳಲ್ಲಿ ಕ್ರೋಸಾಂ ಕೈಗೆ ಬಗ್ಗುತ್ತದೆ. ಮನೆಯ ಓವನ್‌ನ 190–200 ಡಿಗ್ರಿ ಅದಕ್ಕೆ ಧಾರಾಳವಾಗಿ ಸಾಕು. ಹಾಗಾದರೆ ಪ್ಯಾರಿಸ್ ಬೇಡವೇ? ಬೇಕು, ಆದರೆ ಎರಡನೆಯದಾಗಿ. ಎರಡು ಮೂರು ಸಲ ಸೋತವರು ಅಲ್ಲಿ ಕ್ರೋಸಾಂ ಮುರಿದಾಗ ನೋಡುವುದೇ ಬೇರೆ. ಒಳಗಿನ ಜೇನುಗೂಡಿನ ಕಣ್ಣುಗಳು ಎಷ್ಟು ಸಮ, ಅಡಿಯಲ್ಲಿ ಬೆಣ್ಣೆಯ ಜಿಡ್ಡು ಇಳಿದಿದೆಯೇ, ತುದಿ ಎಷ್ಟು ಕಂದಾಗುವವರೆಗೆ ಬೇಯಿಸುವ ಧೈರ್ಯ ಮಾಡಿದ್ದಾರೆ ಎಂಬುದೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಏನೂ ಮಾಡದೆ ಹೋದವರಿಗೆ ಅದು ಒಳ್ಳೆಯ ತಿಂಡಿ ಅಷ್ಟೇ.

ಪ್ಯಾರಿಸ್‌ನಲ್ಲಿ ಒಂದು ಎಚ್ಚರಿಕೆ. 1998ರ ಫ್ರೆಂಚ್ ಕಾನೂನಿನ ಪ್ರಕಾರ ಬ್ರೆಡ್ಡನ್ನು ಅಲ್ಲೇ ನಾದಿ ಅಲ್ಲೇ ಬೇಯಿಸುವ ಅಂಗಡಿ ಮಾತ್ರ ‘ಬೂಲಾಂಜರಿ’ (ಬ್ರೆಡ್ ಬೇಕರಿ) ಎಂಬ ಫಲಕ ಹಾಕಿಕೊಳ್ಳಬಹುದು. ಆದರೆ ಆ ನಿಯಮ ಬ್ರೆಡ್ಡಿಗಷ್ಟೇ. ಕ್ರೋಸಾಂ ಕಾರ್ಖಾನೆಯಿಂದ ಹೆಪ್ಪುಗಟ್ಟಿ ಬಂದಿರಬಹುದು, ಫಲಕ ಅದನ್ನು ಹೇಳುವುದಿಲ್ಲ. ಎಲ್ಲವೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಗಾತ್ರದಲ್ಲಿದ್ದರೆ ನನಗೆ ಅನುಮಾನ. ‘ಪ್ಯೂರ್ ಬ್ಯೂರ್’ ಎಂದು ಬರೆದಿದ್ದರೆ ಮಾರ್ಗರಿನ್ ಇಲ್ಲ, ಬರೀ ಬೆಣ್ಣೆ ಎಂದರ್ಥ. ಅಂದಹಾಗೆ ಕ್ರೋಸಾಂನ ಮೂಲ ಕಿಪ್ಫೆರ್ಲ್ ಎಂಬ ವಿಯೆನ್ನಾದ ಅರ್ಧಚಂದ್ರಾಕಾರದ ಬನ್ನು. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯನ್ ಪ್ಯಾರಿಸ್‌ನ ರಿಷಲ್ಯೂ ಬೀದಿಯಲ್ಲಿ ತೆರೆದ ವಿಯೆನ್ನಾ ಮಾದರಿಯ ಬೇಕರಿಯಿಂದ ಅದು ಅಲ್ಲಿ ಚಾಲ್ತಿಗೆ ಬಂತು. ಪದರದ ಕಣಕ ಆಮೇಲೆ ಫ್ರೆಂಚರು ಸೇರಿಸಿದ್ದು. 1683ರ ವಿಯೆನ್ನಾ ಮುತ್ತಿಗೆಯಲ್ಲಿ ತುರ್ಕರ ಧ್ವಜದ ಚಂದ್ರನನ್ನು ನೋಡಿ ಬೇಕರಿಯವರು ಈ ಆಕಾರ ಮಾಡಿದರು ಎನ್ನುವುದು ಬಾಯಿಂದ ಬಾಯಿಗೆ ಬಂದ ಕಟ್ಟುಕಥೆ.

ಸ್ಟ್ರೂಡೆಲ್: ಟಿಕೆಟ್ ಬೇಡ

ವಿಯೆನ್ನಾದ ಗ್ರಂಥಾಲಯದಲ್ಲಿ 1696ರ ಕೈಬರಹದ ಸ್ಟ್ರೂಡೆಲ್ ಪಾಕವಿಧಾನವೊಂದಿದೆ, ಈವರೆಗೆ ಸಿಕ್ಕವುಗಳಲ್ಲಿ ಅದೇ ಅತಿ ಹಳೆಯದು ಎನ್ನುತ್ತಾರೆ. ಅಂದಿನ ಅಡುಗೆಮನೆಯಲ್ಲಿ ಏನಿತ್ತೋ ಅದಕ್ಕಿಂತ ಹೆಚ್ಚಿನದೇನೂ ಇಂದಿಗೂ ಬೇಕಿಲ್ಲ. 250 ಗ್ರಾಂ ಮೈದಾ, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು, ನಾಲ್ಕು ಹನಿ ವಿನೆಗರ್, ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ಚೆನ್ನಾಗಿ ನಾದಿ, ಎಣ್ಣೆ ಸವರಿ, ಬಿಸಿ ಮಾಡಿದ ಬಟ್ಟಲು ಕವುಚಿ ಒಂದು ಗಂಟೆ ಮರೆತುಬಿಡಬೇಕು. ಮರೆಯುವುದೇ ಕಷ್ಟ. ಅರ್ಧ ಗಂಟೆಗೇ ಕೈ ಹಾಕಿದರೆ ಕಣಕ ರಬ್ಬರಿನಂತೆ ಹಿಂದಕ್ಕೆ ಎಳೆಯುತ್ತದೆ.

ಆಮೇಲೆ ಬಟ್ಟೆಯ ಮೇಲೆ ಹಿಟ್ಟು ಉದುರಿಸಿ, ಉಂಗುರ ಬಳೆ ತೆಗೆದಿಟ್ಟು, ಕೈಬೆನ್ನನ್ನು ಕಣಕದ ಕೆಳಗೆ ತೂರಿಸಿ ನಡುವಿನಿಂದ ಅಂಚಿಗೆ ಎಳೆಯುತ್ತಾ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುವುದು. ಕೆಳಗಿಟ್ಟ ಪತ್ರಿಕೆಯನ್ನು ಓದುವಷ್ಟು ತೆಳುವಾಗಬೇಕು ಎಂಬುದು ಹಳೆಯ ಮಾತು. ನಾನು ಪರೀಕ್ಷೆಗೆಂದು ನಿಜಕ್ಕೂ ಪತ್ರಿಕೆ ಇಟ್ಟೆ. ಮೂರನೆಯ ಪ್ರಯತ್ನದಲ್ಲಿ ವಧೂವರರ ಅಂಕಣದ ಸಣ್ಣ ಅಕ್ಷರಗಳು ಸ್ಪಷ್ಟವಾಗಿ ಕಂಡವು. ಎರಡು ಕಡೆ ತೂತಾಗಿತ್ತು, ಸುತ್ತಿದ ಮೇಲೆ ತೂತು ಯಾರಿಗೆ ಕಾಣುತ್ತದೆ? ಸೇಬಿನ ರಸ ಹೀರಲು ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯನ್ನು ಕೆಳಗೆ ಹರಡುವುದನ್ನು ಮರೆಯಬೇಡಿ, ಮರೆತರೆ ಅಡಿ ಒದ್ದೆಯಾಗುತ್ತದೆ.

ವಿಯೆನ್ನಾಕ್ಕೆ ಬೇರೆ ಕಾರಣಕ್ಕೆ ಹೋದರೆ ಖಂಡಿತ ತಿನ್ನಿ. ಸ್ಟ್ರೂಡೆಲಿಗೆಂದೇ ಹೋಗುವುದಾದರೆ ನನ್ನ ಹಾಗೆ ಪೆಚ್ಚಾಗುತ್ತೀರಿ.

ಇದೇ ಗುಂಪಿಗೆ ಸೇರುವ ಇನ್ನೆರಡನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾದಾಮಿ ಪುಡಿ ಮತ್ತು ಮೊಟ್ಟೆಯ ಬಿಳಿಯಿಂದ ಮಾಡುವ ಜೋಡಿ ಬಿಸ್ಕತ್ತು ಮ್ಯಾಕರಾನ್ ಕಷ್ಟವೆಂಬ ಹೆಸರು ಪಡೆದದ್ದು ಮುಖ್ಯವಾಗಿ ತೇವದಿಂದ. ಒಣ ಹವೆಯ ದಿನ ನೋಡಿಕೊಂಡು, ಹಿಟ್ಟು ರಿಬ್ಬನ್ನಿನಂತೆ ಬೀಳುವ ಹದಕ್ಕೆ ಕಲಸುವುದನ್ನು ನಿಲ್ಲಿಸಿದರೆ ಬಂದೇ ಬರುತ್ತದೆ. ಕೆನೆ ತುಂಬಿ ಫ್ರಿಜ್‌ನಲ್ಲಿ ಒಂದು ದಿನ ಇಟ್ಟ ಮೇಲೆ ಅದರ ರುಚಿ ಏರುವುದರಿಂದ ಬಿಸಿಬಿಸಿ ತಿನ್ನಲು ಓಡುವ ಅಗತ್ಯವೂ ಇಲ್ಲ. ಪ್ಯಾರಿಸ್–ಬ್ರೆಸ್ಟ್ ನೋಡಲು ಭರ್ಜರಿ, ಮಾಡಲು ಅಷ್ಟಿಲ್ಲ. 1891ರಲ್ಲಿ ಶುರುವಾದ ಸೈಕಲ್ ಸ್ಪರ್ಧೆಯ ನೆನಪಿಗೆ 1910ರಲ್ಲಿ ಲೂಯಿ ದ್ಯುರಾಂ ಮಾಡಿದ ಚಕ್ರದಾಕಾರದ ಈ ಪೇಸ್ಟ್ರಿಯ ಹಿಟ್ಟು ಒಲೆಯ ಮೇಲೇ ತಯಾರಾಗುತ್ತದೆ. ಬೇಯುವಾಗ ಓವನ್ ಬಾಗಿಲು ತೆಗೆಯದಿರುವ ಸಂಯಮವಿದ್ದರೆ ಸಾಕು.

ಪಾಸ್ತೆಲ್ ದ ನಾತಾ: ನೆಲವೇ ಡೊಂಕು

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಒಂಬತ್ತು ಭಾನುವಾರ ನಾನು ನನ್ನನ್ನೇ ಬೈದುಕೊಂಡದ್ದು ಈ ಗಾದೆಯನ್ನು ನೆನೆದು. ಪದರದ ಕಣಕವನ್ನು ಸುರುಳಿ ಸುತ್ತಿ, ತುಂಡು ಮಾಡಿ, ನೀರಿನಲ್ಲಿ ಅದ್ದಿದ ಹೆಬ್ಬೆರಳಿನಿಂದ ಅಚ್ಚಿನ ಗೋಡೆಗೆ ತೆಳ್ಳಗೆ ಒತ್ತುವುದನ್ನು ಮೂರನೆಯ ವಾರಕ್ಕೇ ಕಲಿತಿದ್ದೆ. ಕಸ್ಟರ್ಡ್ ಕೂಡ ಸರಿಯಾಗಿತ್ತು. ಆದರೂ ಮೇಲಿನ ಆ ಕಪ್ಪು ಮಚ್ಚೆಗಳು ಬರಲಿಲ್ಲ. ಬರುವವರೆಗೆ ಕಾದರೆ ಕಸ್ಟರ್ಡ್ ಒಡೆದು ಮೊಸರಿನ ಗಡ್ಡೆಯಂತಾಗುತ್ತಿತ್ತು.

ಕೊನೆಗೆ ತಿಳಿದದ್ದು ಇಷ್ಟು: ಈ ಗಾದೆ ಇಲ್ಲಿ ನಡೆಯುವುದಿಲ್ಲ, ನೆಲ ನಿಜಕ್ಕೂ ಡೊಂಕು. ಪೋರ್ಚುಗಲ್‌ನ ಬೇಕರಿಗಳಲ್ಲಿ ಇದು ಬೇಯುವುದು 290 ಡಿಗ್ರಿ, ಕೆಲವೆಡೆ ಅದಕ್ಕೂ ಬಹಳ ಮೇಲೆ. ಮನೆಯ ಓವನ್ ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಕಣಕ ಗರಿಯಾಗಿ, ಮೇಲ್ಮೈ ಸುಟ್ಟು, ಒಳಗೆ ಕೆನೆ ಇನ್ನೂ ನಡುಗುತ್ತಿರಬೇಕು. ಆ 40 ಡಿಗ್ರಿಯ ಕೊರತೆಯನ್ನು ಕೈಚಳಕ ತುಂಬಿಕೊಡುವುದಿಲ್ಲ. ದಪ್ಪ ಉಕ್ಕಿನ ಹಲಗೆಯನ್ನು ಮೇಲಿನ ಅರೆಯಲ್ಲಿಟ್ಟು ಒಂದು ಗಂಟೆ ಕಾಯಿಸಿ, ಅದರ ಮೇಲೆ ತೆಳು ಲೋಹದ ಅಚ್ಚುಗಳನ್ನಿಟ್ಟರೆ ಮುಕ್ಕಾಲು ದಾರಿ ಬರುತ್ತದೆ. ಮುಕ್ಕಾಲು ದಾರಿಯಲ್ಲಿ ತೃಪ್ತಿಪಡುವವರು ಪ್ರಯತ್ನಿಸಿ.

ಉಳಿದವರು ಲಿಸ್ಬನ್‌ಗೆ ಹೊರಡಿ. ಅಲ್ಲಿನ ಬೆಲೆಂ ಬಡಾವಣೆಗೆ 15ಇ ಸಂಖ್ಯೆಯ ಟ್ರಾಮ್ ಹೋಗುತ್ತದೆ. ಜೆರೊನಿಮುಸ್ ಮಠದ ಪಕ್ಕದ ‘ಪಾಸ್ತೇಯಿಸ್ ದ ಬೆಲೆಂ’ ಅಂಗಡಿ 1837ರಿಂದ ಇದೆ. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದರು, ಉಳಿದ ಹಳದಿ ಸಿಹಿತಿಂಡಿಗೆ ಹೋಗುತ್ತಿತ್ತು ಎಂಬುದು ಪ್ರಚಲಿತ ವಿವರಣೆ. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿದ ಮೇಲೆ ಪಾಕವಿಧಾನ ಹೊರಗೆ ಬಂತು. ಬೆಲೆಂ ಎಂಬ ಹೆಸರು ಆ ಒಂದು ಅಂಗಡಿಯದು. ಬೇರೆಲ್ಲರೂ ಮಾರುವುದು ನಾತಾ. ಒಂದು ಬೆಲೆಂ ತಿಂದ ಮೇಲೆ ನಗರದ ಬೇರೆ ಎರಡು ಕಡೆಯ ನಾತಾವನ್ನೂ ತಿನ್ನಿ, ನನ್ನ ಮಟ್ಟಿಗೆ ಅವೂ ಕಡಿಮೆಯೇನಲ್ಲ. ಬಿಸಿಯಾಗಿದ್ದಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಮೊದಲ ಕಚ್ಚಿಗೆ ಬರುವ ಆ ‘ಕರ್’ ಎಂಬ ಸದ್ದು ನನ್ನ ಅಡುಗೆಮನೆಯಲ್ಲಿ ಇನ್ನೂ ಕೇಳಿಬಂದಿಲ್ಲ.

ಗಡಿಯಾರದ ಜೊತೆ ಜಗಳ: ಕನೆಲೆ ಮತ್ತು ಕ್ವಿನ್ ಅಮಾನ್

ಬೋರ್ಡೋ ನಗರದ ಕನೆಲೆ ಹೊರಗೆ ಕಡುಕಂದು ಚಿಪ್ಪು, ಒಳಗೆ ರಮ್ ಮತ್ತು ವೆನಿಲಾ ಘಮದ ಮೆತ್ತನೆಯ ತಿರುಳು. ಹಿಟ್ಟು ನೀರಾಗಿರುತ್ತದೆ, ಕಲಸುವುದು ಮಕ್ಕಳಾಟ. ಆದರೆ ಅದನ್ನು 24ರಿಂದ 48 ಗಂಟೆ ಫ್ರಿಜ್‌ನಲ್ಲಿಡಬೇಕು. ತಾಮ್ರದ ಅಚ್ಚಿಗೆ ಜೇನುಮೇಣ ಮತ್ತು ಬೆಣ್ಣೆ ಕರಗಿಸಿ ಸವರಬೇಕು. ಮೊದಲು ಜೋರು ಶಾಖ, ಆಮೇಲೆ ಇಳಿಸಿ ಒಟ್ಟು ಒಂದು ಗಂಟೆಯಷ್ಟು ಬೇಯಿಸಬೇಕು. ತಾಮ್ರದ ಅಚ್ಚು ದುಬಾರಿ. ಸಿಲಿಕೋನ್ ಅಚ್ಚಿನಲ್ಲಿ ಮಾಡಿ ನೋಡಿದೆ: ಬಣ್ಣ ಪೇಲವ, ಚಿಪ್ಪು ರಬ್ಬರು. ಹಿಟ್ಟನ್ನು ಜೋರಾಗಿ ಕಡೆದು ಗಾಳಿ ಸೇರಿಸಿದರೆ ಅಣಬೆಯಂತೆ ಅಚ್ಚಿನಿಂದ ತಲೆ ಎತ್ತಿ ನಿಲ್ಲುತ್ತದೆ, ಅಡಿ ಬಿಳಿಯಾಗಿ ಉಳಿಯುತ್ತದೆ.

ಇಷ್ಟಾದರೂ ಕನೆಲೆಯನ್ನು ಮನೆಯಲ್ಲಿ ಮಾಡಬೇಕು ಎಂಬುದೇ ನನ್ನ ಪಕ್ಷ, ತಾಮ್ರದ ನಾಲ್ಕೇ ಅಚ್ಚು ಕೊಂಡರೂ ಸರಿ. ಕಾರಣ ಗಡಿಯಾರ. ಓವನ್‌ನಿಂದ ತೆಗೆದು ಜಾಲರಿಯ ಮೇಲಿಟ್ಟ ಸ್ವಲ್ಪ ಹೊತ್ತಿಗೆ ಚಿಪ್ಪು ಬಿಗಿಯುತ್ತದೆ. ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತದೆ. ಆಮೇಲಿನ ಎರಡು ಮೂರು ಗಂಟೆ ಅದರ ಯೌವನ. ಸಂಜೆಗೆ ಮೆತ್ತಗಾಗಿರುತ್ತದೆ. ಬೋರ್ಡೋದಲ್ಲಿ ಕೂಡ ಮಧ್ಯಾಹ್ನ ಕಳೆದ ಮೇಲೆ ಸಿಗುವುದು ಬೆಳಗಿನ ಕನೆಲೆಯೇ ಆಗಿರಬಹುದು. ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯ ದಾರಿ ಅಷ್ಟೇ, ಬೆಳಿಗ್ಗೆ ಹೊರಟು ಹನ್ನೊಂದಕ್ಕೆ ಮುಂಚೆ ತಿನ್ನುವಂತಿದ್ದರೆ ಹೋಗಿ. 1985ರಲ್ಲಿ ಅಲ್ಲಿನ ತಯಾರಕರು ಕೂಟ ಕಟ್ಟಿಕೊಂಡು ಹೆಸರಿನಲ್ಲಿದ್ದ ಎರಡು ‘ಎನ್’ಗಳಲ್ಲಿ ಒಂದನ್ನು ಕಿತ್ತುಹಾಕಿದರು. ತಮ್ಮದು ಬೇರೆಯದೇ ಎಂದು ತೋರಿಸಲು ಅಕ್ಷರ ಕಳೆಯುವ ಹಟ ನನಗೆ ಬಹಳ ಹಿಡಿಸಿತು.

ಕ್ವಿನ್ ಅಮಾನ್ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ್ದು. ಬ್ರೆಟನ್ ಭಾಷೆಯಲ್ಲಿ ಕ್ವಿನ್ ಎಂದರೆ ಕೇಕು, ಅಮಾನ್ ಎಂದರೆ ಬೆಣ್ಣೆ. ದುವಾರ್ನೆನೇ ಎಂಬ ಮೀನುಗಾರರ ಊರಿನಲ್ಲಿ 1860ರ ಸುಮಾರಿಗೆ ಹುಟ್ಟಿತು. ಬ್ರೆಡ್ಡಿನ ಕಣಕ, ಉಪ್ಪು ಬೆರೆತ ಬೆಣ್ಣೆ, ಸಕ್ಕರೆ, ಇಷ್ಟೇ. ಹಳೆಯ ಫ್ರಾನ್ಸಿನಲ್ಲಿ ಬ್ರಿಟನಿಗೆ ಉಪ್ಪಿನ ತೆರಿಗೆ ಇರಲಿಲ್ಲ, ಹಾಗಾಗಿ ಅಲ್ಲಿ ಬೆಣ್ಣೆಗೆ ಉಪ್ಪು ಹಾಕುವುದು ರೂಢಿಯಾಯಿತು. ಮಾಡುವ ಕಷ್ಟವಿರುವುದು ಸಕ್ಕರೆಯಲ್ಲಿ. ಮಡಿಕೆಯೊಳಗೆ ಬಿದ್ದ ಸಕ್ಕರೆ ಕಣಕದ ನೀರನ್ನು ಎಳೆಯಲು ಶುರುಮಾಡುತ್ತದೆ, ಹತ್ತು ನಿಮಿಷ ತಡ ಮಾಡಿದರೆ ಮೇಜೆಲ್ಲ ಅಂಟು. ಆದ್ದರಿಂದ ಸಕ್ಕರೆಯನ್ನು ಕೊನೆಯ ಮಡಿಕೆಗೆ ಮಾತ್ರ ಹಾಕಿ, ತಕ್ಷಣ ಅಚ್ಚಿಗೆ ಸೇರಿಸಿ. ಕ್ರೋಸಾಂ ಬಂದವರಿಗೆ ಇದು ಸುಲಭ. ನಾನೂ ಹಾಗೇ ಮಾಡಿಕೊಂಡು ಖುಷಿಯಾಗಿದ್ದೆ, ದುವಾರ್ನೆನೇಗೆ ಹೋಗುವವರೆಗೆ. ನಾನು ಮಾಡುತ್ತಿದ್ದದ್ದು ಬಟ್ಟಲಿನಾಕಾರದ ಪುಟ್ಟವು. ಅಲ್ಲಿಯದು ತಟ್ಟೆಯಗಲದ ಒಂದೇ ರೊಟ್ಟಿ, ಬೆಚ್ಚಗೆ ಮಾಡಿ ತುಂಡು ಹಂಚಿಕೊಂಡು ತಿನ್ನುವಂಥದ್ದು. ನಡುಭಾಗ ಬೆಣ್ಣೆಯಲ್ಲಿ ತೊಯ್ದ ಬ್ರೆಡ್ಡಿನಂತೆ, ಅಂಚು ಕಲ್ಲುಸಕ್ಕರೆಯಂತೆ. ಎರಡೂ ಒಂದೇ ಹೆಸರಿನ ಬೇರೆ ಬೇರೆ ತಿಂಡಿಗಳು. ಆ ಊರಿಗೆ ರೈಲಿಲ್ಲ, ಕೆಂಪೆರ್‌ವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿ ಉದ್ದವಾದರೂ ನನ್ನ ಪಟ್ಟಿಯಲ್ಲಿ ಇದು ಮೇಲಿದೆ.

ಕೈಗೂ ಹೆಚ್ಚಾದವು

ನೇಪಲ್ಸ್‌ನ ಸ್ಫೋಲ್ಯಾತೆಲ್ಲಾ ಮಾಡಲು ಹೊರಟು ನಾನು ಒಮ್ಮೆಯೂ ಪೂರ್ತಿ ಗೆದ್ದಿಲ್ಲ. ಗಟ್ಟಿ ಕಣಕವನ್ನು ಮೀಟರುಗಟ್ಟಲೆ ಉದ್ದಕ್ಕೆ, ಬೆಳಕು ಹಾಯುವಷ್ಟು ತೆಳ್ಳಗೆ ಎಳೆಯುತ್ತಾ, ಹಂದಿಕೊಬ್ಬು ಸವರಿ ಬಿಗಿಯಾಗಿ ಸುತ್ತಬೇಕು. ತಣ್ಣಗಾದ ಉರುಳೆಯಿಂದ ಬಿಲ್ಲೆ ಕತ್ತರಿಸಿ, ಹೆಬ್ಬೆರಳುಗಳಿಂದ ಒತ್ತಿ ಶಂಖದಂತೆ ಮಾಡಿ, ರವೆ ಮತ್ತು ರಿಕೊಟ್ಟಾ ಎಂಬ ಮೆತ್ತನೆಯ ಚೀಸಿನ ಹೂರಣ ತುಂಬಬೇಕು. ಇಬ್ಬರು ಬೇಕು, ಪಾಸ್ತಾ ಯಂತ್ರ ಬೇಕು, ಜಗಳವಾಡದ ಸ್ವಭಾವವೂ ಬೇಕು. ಅಮಾಲ್ಫಿ ತೀರದ ಸಾಂತಾ ರೋಸಾ ಕನ್ಯಾಮಠದಲ್ಲಿ ಇದರ ಮೂಲ. 1818ರಲ್ಲಿ ಪಾಸ್ಕ್ವಾಲೆ ಪಿಂತಾವ್ರೊ ಎಂಬಾತ ನೇಪಲ್ಸ್‌ನ ತೊಲೆದೊ ಬೀದಿಯಲ್ಲಿ ಮಾರತೊಡಗಿದ. ಅಂಗಡಿಯಲ್ಲಿ ‘ರಿಚ್ಚಾ’ ಎಂದು ಕೇಳಿದರೆ ಪದರದ್ದು, ‘ಫ್ರೊಲ್ಲಾ’ ಎಂದರೆ ಬಿಸ್ಕತ್ತಿನಂಥ ಕಣಕದ್ದು. ಸಸ್ಯಾಹಾರಿಗಳು ಕೊಬ್ಬಿನ ವಿಚಾರ ಕೇಳಿಯೇ ಮುಂದುವರಿಯಿರಿ. ಅವರಿಗೆ ಬೆಣ್ಣೆ ಹಾಕಿ ಮನೆಯಲ್ಲಿ ಹೆಣಗುವುದೊಂದೇ ದಾರಿಯಾಗಬಹುದು.

ತೆಳು ಕಣಕದ ಹಾಳೆಗಳ ನಡುವೆ ಪಿಸ್ತಾದಂಥ ಬೀಜ ತುಂಬಿ, ಬೇಯಿಸಿ, ಸಕ್ಕರೆ ಪಾಕ ಹಾಕುವ ಬಕ್ಲಾವಾದ ಲೆಕ್ಕ ಬೇರೆ. ಅಂಗಡಿಯ ಹಾಳೆ ತಂದರೆ ಮನೆಯಲ್ಲಿ ಒಂದು ಮಧ್ಯಾಹ್ನದ ಕೆಲಸ, ಚೆನ್ನಾಗಿಯೂ ಇರುತ್ತದೆ. ಆದರೆ ಟರ್ಕಿಯ ಗಾಜಿಯಾಂತೆಪ್‌ನ ಬಕ್ಲಾವಾಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ಸುಮ್ಮನೆ ಅಲ್ಲ. ಪೂರ್ತಿ ಬಲಿಯುವ ಮುನ್ನವೇ ಕಿತ್ತ ಪಿಸ್ತಾದ ಹಸಿರು, ಅಲ್ಲಿನ ಸೀಮೆಯ ತುಪ್ಪದ ಪರಿಮಳ, ಪಿಷ್ಟ ಉದುರಿಸಿ ಉದ್ದನೆಯ ಕೋಲಿನಲ್ಲಿ ಲಟ್ಟಿಸಿದ ಹಾಳೆ, ಈ ಮೂರರಲ್ಲಿ ಮೊದಲೆರಡನ್ನು ಯಾವ ಅಭ್ಯಾಸವೂ ತಂದುಕೊಡುವುದಿಲ್ಲ. ಸಾಮಗ್ರಿಯ ಕಷ್ಟ ಎಂದದ್ದು ಇದನ್ನೇ.

ಹೊರಡುವುದೇ ಆದರೆ

ಒಂದು ದೊಡ್ಡ ನಗರದಲ್ಲಿ ಕೂತು ಹತ್ತು ಬಗೆ ತಿನ್ನುವುದೋ, ಒಂದೊಂದು ತಿಂಡಿಯ ಹುಟ್ಟೂರಿಗೆ ಅಲೆಯುವುದೋ? ಮೊದಲನೆಯದು ಸುಖ, ಎರಡನೆಯದು ಲಾಭ. ಪ್ಯಾರಿಸ್‌ನಲ್ಲಿ ಕನೆಲೆ, ಕ್ವಿನ್ ಅಮಾನ್ ಎರಡೂ ಸಿಗುತ್ತವೆ, ಚೆನ್ನಾಗಿಯೇ ಇರುತ್ತವೆ. ಆದರೆ ಮನೆಯಲ್ಲಿ ಮಾಡುವವರಿಗೆ ಬೇಕಾದದ್ದು ಒಂದೇ ತಿಂಡಿಯನ್ನು ಒಂದೇ ಊರಿನ ನಾಲ್ಕು ಅಂಗಡಿಗಳಲ್ಲಿ ತಿಂದು ಹೋಲಿಸುವ ಅವಕಾಶ. ದಿನಕ್ಕೆ ಎರಡೇ, ಅದೂ ಮಧ್ಯಾಹ್ನದೊಳಗೆ, ಎಂಬ ಕಟ್ಟುಪಾಡು ಹಾಕಿಕೊಳ್ಳಿ. ಮೂರನೆಯದರ ಹೊತ್ತಿಗೆ ನಾಲಿಗೆ ಬರೀ ಸಿಹಿಯನ್ನು ಗುರುತಿಸುತ್ತದೆ. ಆಗಸ್ಟ್‌ನಲ್ಲಿ ಫ್ರಾನ್ಸಿಗೆ ಹೋಗಬೇಡಿ, ಎಷ್ಟೋ ಬೇಕರಿಗಳು ವಾರಗಟ್ಟಲೆ ರಜೆ. ವಾರದ ರಜೆಯ ದಿನವನ್ನೂ ಮೊದಲೇ ನೋಡಿಕೊಳ್ಳಿ. ಸೋಮವಾರ ಮುಚ್ಚಿದ ಬಾಗಿಲಿನೆದುರು ನಾನು ನಿಂತದ್ದು ಒಂದು ಸಲವಲ್ಲ.

ಪ್ರವಾಸಿಗರಿಗೆಂದು ನಡೆಸುವ ಅರ್ಧ ದಿನದ ತರಗತಿಗಳೂ ಇವೆ. ಸ್ಟ್ರೂಡೆಲ್, ಸ್ಫೋಲ್ಯಾತೆಲ್ಲಾದಂಥ ಕೈಕೆಲಸಕ್ಕೆ ಅವು ಉಪಯುಕ್ತ, ಎಳೆಯುವ ಕೈಯನ್ನು ಪಕ್ಕದಲ್ಲಿ ನಿಂತು ನೋಡುವುದಕ್ಕೆ ಸಮನಾದದ್ದಿಲ್ಲ. ಕ್ರೋಸಾಂ ತರಗತಿಗೆ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: ಮಡಿಕೆ ಹಾಕುವವರು ಯಾರು? ಮೂರು ಗಂಟೆಯಲ್ಲಿ ಕ್ರೋಸಾಂ ಆಗುವುದಿಲ್ಲ. ಬಹಳ ಕಡೆ ಕಣಕ ಮೊದಲೇ ತಯಾರಿರುತ್ತದೆ, ನಿಮಗೆ ಸಿಗುವುದು ತ್ರಿಕೋನ ಸುತ್ತುವ ಕೆಲಸ. ನಾನು ಹೋದ ಒಂದು ತರಗತಿಯಲ್ಲಿ ಅಷ್ಟೇ ಸಿಕ್ಕಿತು, ಜೊತೆಗೆ ಒಂದು ಏಪ್ರನ್.

ಮನೆಗೆ ತರುವ ವಿಚಾರಕ್ಕೆ ಬಂದರೆ ಬಕ್ಲಾವಾ ಒಳ್ಳೆಯ ಸಹಪ್ರಯಾಣಿಕ, ವಾರ ಕಳೆದರೂ ಕೆಡುವುದಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ತುಪ್ಪ ಗಟ್ಟಿಯಾಗಿ ಗರಿ ಹೋಗುತ್ತದೆ. ಕ್ವಿನ್ ಅಮಾನ್ ಒಂದೆರಡು ದಿನ ತಾಳುತ್ತದೆ, ಓವನ್‌ನಲ್ಲಿ ಬೆಚ್ಚಗೆ ಮಾಡಿದರೆ ಸಕ್ಕರೆ ಮತ್ತೆ ಹೊಳೆಯುತ್ತದೆ. ನಾತಾವನ್ನು ಆರು ಆರರ ಕೊಳವೆಯಲ್ಲಿ ಕಟ್ಟಿಕೊಡುತ್ತಾರೆ, ಅದೇ ರಾತ್ರಿ ಮುಗಿಸಿ. ಕನೆಲೆಗೆ ಪೆಟ್ಟಿಗೆ ಕೇಳಲೇಬೇಡಿ, ಅಂಗಡಿಯ ಬಾಗಿಲಲ್ಲೇ ನಿಂತು ತಿನ್ನಿ.